ಹಸಿರಿನ ಸಾನ್ನಿಧ್ಯದಲ್ಲಿ ಮನಸ್ಸಿನ ಚೇತರಿಕೆ: ಒಂದು ಸಮಗ್ರ ಮಾರ್ಗದರ್ಶಿ

ಮನಸ್ಸು ಕುಗ್ಗಿದವರಿಗೆ ಬಂಧುಮಿತ್ರರು ಕೊಡುವ ಸಲಹೆಗಳಲ್ಲಿ ‘ನಾಲ್ಕು ದಿನ ಎಲ್ಲಾದರೂ ಹೋಗಿ ಬಾ, ಸರಿಹೋಗುತ್ತದೆ’ ಎಂಬುದು ಮೊದಲ ಸಾಲಿನಲ್ಲೇ ಇರುತ್ತದೆ. ಹಾಗೆ ಹೋಗಿ ಬಂದವರು ಐದನೆಯ ದಿನ ಅದೇ ಹಾಸಿಗೆಯಲ್ಲಿ, ಅದೇ ಚಾವಣಿಯನ್ನು ನೋಡುತ್ತ ಮಲಗಿರುವುದೂ ಉಂಟು. ಬೆಟ್ಟ, ಕಾಡು, ಕಡಲುಗಳ ಪ್ರವಾಸದಿಂದ ಸಿಗುವ ಉಲ್ಲಾಸವನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಆದರೆ ಚೇತರಿಕೆಯ ದೃಷ್ಟಿಯಿಂದ ನೋಡಿದರೆ, ವರ್ಷಕ್ಕೊಮ್ಮೆ ದೂರ ಹೋಗುವುದಕ್ಕಿಂತ ವಾರಕ್ಕೆ ನಾಲ್ಕು ಬಾರಿ ಹತ್ತಿರದ ಒಂದೇ ಜಾಗಕ್ಕೆ ಹೋಗುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಲೇಖನದ ನಿಲುವು. ಖಿನ್ನತೆ, ಆತಂಕ, ದೀರ್ಘಕಾಲದ ಒತ್ತಡ ಇವುಗಳಿಂದ ಹೊರಬರಲು ಯತ್ನಿಸುತ್ತಿರುವವರು ಆ ಅಭ್ಯಾಸವನ್ನು ಹೇಗೆ ರೂಢಿಸಿಕೊಳ್ಳಬಹುದೆಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲಿಗೆ, ಇದು ಕೆಲಸ ಮಾಡುವ ಬಗೆ

ಮಿಷಿಗನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ನಮ್ಮ ಗಮನದಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಲೆಕ್ಕ ಬರೆಯುವಾಗ, ವಾಹನ ಓಡಿಸುವಾಗ, ಬೇಡದ ಯೋಚನೆಯನ್ನು ಬಲವಂತವಾಗಿ ಬದಿಗೆ ತಳ್ಳುವಾಗ ನಾವು ಪ್ರಯತ್ನಪಟ್ಟು ಹಿಡಿದಿಡುವ ಗಮನ ಒಂದು ಬಗೆಯದು. ಇದು ಬಳಸಿದಷ್ಟೂ ದಣಿಯುತ್ತದೆ. ಎಲೆ ಅಲುಗುವುದು, ನೀರು ಹರಿಯುವುದು, ಮೋಡ ಸರಿಯುವುದು ಇಂಥವು ತಾವಾಗಿಯೇ ಮೆಲ್ಲನೆ ಸೆಳೆದುಕೊಳ್ಳುವ ಗಮನ ಇನ್ನೊಂದು ಬಗೆಯದು. ಇದಕ್ಕೆ ಪ್ರಯತ್ನ ಬೇಕಿಲ್ಲ. ಎರಡನೆಯದು ಎಚ್ಚರವಾಗಿರುವಾಗ ಮೊದಲನೆಯದಕ್ಕೆ ವಿಶ್ರಾಂತಿ ಸಿಗುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಟಿ.ವಿ. ಪರದೆಯೂ ಗಮನವನ್ನು ಸೆಳೆಯುತ್ತದೆಯಲ್ಲ ಎಂದು ಕೇಳಬಹುದು. ಪರದೆ ಗಮನವನ್ನು ಪೂರ್ತಿಯಾಗಿ ಕಸಿದುಕೊಳ್ಳುತ್ತದೆ. ಮರ ಸ್ವಲ್ಪವೇ ಕೇಳಿ, ಉಳಿದದ್ದನ್ನು ನಮಗೇ ಬಿಡುತ್ತದೆ.

ಅದೇ ವಿಶ್ವವಿದ್ಯಾಲಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸುಮಾರು 50 ನಿಮಿಷ ಸಸ್ಯೋದ್ಯಾನದಲ್ಲಿ ನಡೆದು ಬಂದವರು ಕೇಳಿದ ಅಂಕಿಗಳನ್ನು ನೆನಪಿಟ್ಟು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆಯಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಿದರು. ಪೇಟೆಯ ರಸ್ತೆಯಲ್ಲಿ ನಡೆದು ಬಂದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಇದರಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕೊರೆಯುವ ಚಳಿಯಲ್ಲಿ ನಡೆದವರಿಗೆ ಆ ನಡಿಗೆ ಅಷ್ಟೇನೂ ಹಿತವೆನಿಸಲಿಲ್ಲ, ಆದರೂ ಪ್ರಯೋಜನ ಅವರಿಗೂ ಸಿಕ್ಕಿತು. ಖಿನ್ನತೆಯಲ್ಲಿರುವವರಿಗೆ ಯಾವುದೂ ‘ಖುಷಿ ಕೊಡುವುದಿಲ್ಲ’ ಎಂಬುದೇ ದೊಡ್ಡ ತೊಡಕು. ಖುಷಿಯಾಗದಿದ್ದರೂ ಒಳಗೆ ಏನೋ ಸ್ವಸ್ಥವಾಗುತ್ತಿರಬಹುದು ಎಂಬ ಈ ಸುಳಿವು ಅವರ ಪಾಲಿಗೆ ಸಣ್ಣದೇನಲ್ಲ.

ಇನ್ನೊಂದು ಅಧ್ಯಯನ 2015ರದು. ಸ್ಟಾನ್‌ಫರ್ಡ್‌ನ ಸಂಶೋಧಕರು 38 ಮಂದಿಯಲ್ಲಿ ಕೆಲವರನ್ನು ಹುಲ್ಲುಗಾವಲು ಮತ್ತು ಮರಗಳ ನಡುವೆಯೂ ಉಳಿದವರನ್ನು ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿಯೂ 90 ನಿಮಿಷ ನಡೆಸಿದರು. ಮೊದಲ ಗುಂಪಿನವರಲ್ಲಿ ‘ನನ್ನಿಂದಲೇ ಹೀಗಾಯಿತು, ನಾನು ಹಾಗೆ ಮಾಡಬಾರದಿತ್ತು’ ಎಂದು ಒಂದೇ ವಿಷಯವನ್ನು ಮೆಲುಕು ಹಾಕುತ್ತ ಕೊರಗುವ ಪ್ರವೃತ್ತಿ ತಗ್ಗಿತು. ಮಿದುಳಿನ ಮುಂಭಾಗದಲ್ಲಿ ಅಂಥ ಕೊರಗಿನೊಂದಿಗೆ ನಂಟಿರುವ ಒಂದು ಭಾಗದ ಚಟುವಟಿಕೆಯೂ ಇಳಿಯಿತು. ಇವೆಲ್ಲ ಸಣ್ಣ ಗುಂಪುಗಳ ಮೇಲಿನ, ಅಲ್ಪಾವಧಿಯ ಪ್ರಯೋಗಗಳು. ಪ್ರಕೃತಿಯನ್ನು ಸರ್ವರೋಗಕ್ಕೂ ಮದ್ದೆಂದು ಸಾರುವವರು ಇವುಗಳಿಂದ ಹಿಂಡಬಾರದಷ್ಟು ಅರ್ಥವನ್ನು ಹಿಂಡುತ್ತಾರೆ. ಆ ತಪ್ಪು ನಮ್ಮಿಂದ ಆಗದಿರಲೆಂದೇ ಮೊದಲ ಹಂತವನ್ನು ಹೀಗೆ ಇರಿಸಿದ್ದೇನೆ.

ಹಂತ 1: ನಿಮ್ಮ ಸ್ಥಿತಿಯನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಿ

ಎರಡು ವಾರಕ್ಕೂ ಮಿಕ್ಕಿ ಬಹುಪಾಲು ದಿನಗಳಲ್ಲಿ ಮನಸ್ಸು ಕುಗ್ಗಿಯೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ನಿದ್ರೆ ಮತ್ತು ಹಸಿವು ಏರುಪೇರಾಗಿದ್ದರೆ, ವೈದ್ಯರನ್ನಾಗಲಿ ಮನೋವೈದ್ಯರನ್ನಾಗಲಿ ಕಾಣುವುದು ಮೊದಲ ಕೆಲಸ. ಹಸಿರಿನ ನಡಿಗೆ ಅದರ ಜೊತೆಗೆ ನಡೆಯಬೇಕಾದದ್ದು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು, ನಡಿಗೆಯಿಂದ ಹಗುರವೆನಿಸಿತೆಂದು ವೈದ್ಯರಿಗೆ ಹೇಳದೆ ಅದನ್ನು ನಿಲ್ಲಿಸಕೂಡದು. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ತುಂಬ ಬೆವರಿ ದೇಹದ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ಅಪಾಯಕರವಾಗಿ ಏರಬಹುದು. ಮನೋರೋಗದ ಕೆಲವು ಔಷಧಗಳು ಬಿಸಿಲನ್ನು ತಾಳುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಆದ್ದರಿಂದ ಹೊರಗೆ ಹೊತ್ತು ಕಳೆಯುವ ಯೋಜನೆಯನ್ನು ವೈದ್ಯರಿಗೆ ತಿಳಿಸಿಡುವುದು ಒಳ್ಳೆಯದು.

ಬದುಕೇ ಬೇಡವೆಂಬ ಯೋಚನೆಗಳು ಬರುತ್ತಿದ್ದರೆ ಒಬ್ಬರೇ ನಿರ್ಜನ ಜಾಗಗಳಿಗೆ, ನೀರಿನ ಅಂಚಿಗೆ, ಎತ್ತರದ ಸ್ಥಳಗಳಿಗೆ ಹೋಗಲೇಬೇಡಿ. ಆ ಹೊತ್ತಿನಲ್ಲಿ ಬೇಕಾದದ್ದು ಮನುಷ್ಯರ ಸಾನ್ನಿಧ್ಯ. ನಂಬುವ ಒಬ್ಬರಿಗೆ ಕೂಡಲೇ ತಿಳಿಸಿ. ತುರ್ತು ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಈ ಮಾರ್ಗದರ್ಶಿಯ ಉಳಿದ ಭಾಗವನ್ನು ಆಮೇಲೆ ಓದಿದರಾಯಿತು.

ಹಂತ 2: ಹತ್ತಿರದ ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ

ಜಾಗದ ಸೊಬಗಿಗಿಂತ ಅದರ ಸಾಮೀಪ್ಯ ಮುಖ್ಯ. ಮನೆಯಿಂದಲೋ ಕೆಲಸದ ಜಾಗದಿಂದಲೋ ಹತ್ತು ನಿಮಿಷದಲ್ಲಿ ನಡೆದು ತಲುಪುವಂತಿದ್ದರೆ ಸಾಕು: ಒಂದು ಉದ್ಯಾನ, ಕೆರೆಯ ದಂಡೆ, ಸಾಲುಮರಗಳ ಬೀದಿ, ನಾಲ್ಕಾರು ಮರಗಳಿರುವ ಮೈದಾನದ ಮೂಲೆ. ಅರ್ಧ ಗಂಟೆ ಪ್ರಯಾಣಿಸಿ ತಲುಪಬೇಕಾದ ಸುಂದರ ಕಾಡಿಗೆ ಮನಸ್ಸು ಚೆನ್ನಾಗಿರುವ ದಿನ ಹೋಗುತ್ತೀರಿ. ಚೆನ್ನಾಗಿಲ್ಲದ ದಿನ, ಅಂದರೆ ನಿಜವಾಗಿ ಬೇಕಾದ ದಿನ, ಹೋಗುವುದಿಲ್ಲ.

ಜಾಗವನ್ನು ಒಮ್ಮೆ ಕೂತು ಪರೀಕ್ಷಿಸಿ. ವಾಹನಗಳ ಸದ್ದಿನ ಮೇಲೆ ಹಕ್ಕಿಯದೋ ಎಲೆಯದೋ ದನಿ ಕೇಳುತ್ತದೆಯೇ? ಕೂರಲು ಒಂದು ಕಲ್ಲೋ ಬೆಂಚೋ ಇದೆಯೇ? ನೆರಳಿದೆಯೇ? ಅಲ್ಲಿ ಒಬ್ಬರೇ ಕೂತರೆ ನಿಮಗೆ ಅಳುಕಾಗುತ್ತದೆಯೇ? ಕೊನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹಿಂದೆ ಆಘಾತಕ್ಕೊಳಗಾದವರಿಗೆ ದಟ್ಟ ಪೊದೆಗಳ, ತಿರುವುಗಳ ಜಾಗ ನೆಮ್ಮದಿಗಿಂತ ಹೆಚ್ಚಾಗಿ ಕಟ್ಟೆಚ್ಚರವನ್ನೇ ಕೆರಳಿಸುತ್ತದೆ. ಅಂಥವರು ಸುತ್ತಲೂ ಕಣ್ಣಿಗೆ ಕಾಣುವ, ಹೊರಹೋಗುವ ದಾರಿ ಸ್ಪಷ್ಟವಾಗಿರುವ ಬಯಲನ್ನೇ ಆರಿಸಿಕೊಳ್ಳುವುದು ಸರಿ. ಬೆನ್ನಿಗೆ ಒಂದು ಗೋಡೆಯೋ ದಪ್ಪ ಮರದ ಬೊಡ್ಡೆಯೋ ಇದ್ದರೆ ಇನ್ನೂ ಒಳ್ಳೆಯದು. ಮಹಿಳೆಯರು ಜನಸಂಚಾರದ ವೇಳೆಯನ್ನು ಆರಿಸಿಕೊಳ್ಳುವುದನ್ನು ಅಂಜಿಕೆಯೆಂದು ಯಾರಾದರೂ ಆಡಿಕೊಂಡರೆ, ಆಡಿಕೊಳ್ಳಲಿ.

ಹಂತ 3: ಹೊತ್ತನ್ನೂ ಅವಧಿಯನ್ನೂ ನಿಗದಿಪಡಿಸಿ

ಇಂಗ್ಲೆಂಡಿನಲ್ಲಿ ಸುಮಾರು 20,000 ಮಂದಿಯಿಂದ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ವಾರಕ್ಕೆ ಒಟ್ಟು 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರಕೃತಿಯಲ್ಲಿ ಕಳೆದವರು, ಏನೂ ಕಳೆಯದವರಿಗಿಂತ ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿದೆಯೆಂದು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಆ 120 ನಿಮಿಷ ಒಂದೇ ಬಾರಿಗೆ ಆದದ್ದೋ ಬಿಡಿಬಿಡಿಯಾಗಿ ಆದದ್ದೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆರೋಗ್ಯವಾಗಿರುವವರೇ ಹೆಚ್ಚಾಗಿ ಹೊರಗೆ ಹೋಗುತ್ತಿರಬಹುದು ಎಂಬ ಸಂಶಯಕ್ಕೆ ಇಂಥ ಸಮೀಕ್ಷೆ ಪೂರ್ಣ ಉತ್ತರ ಕೊಡಲಾರದು. ಆದರೂ ಗುರಿಯಾಗಿ ಇಟ್ಟುಕೊಳ್ಳಲು ಅದು ಒಪ್ಪುವ ಸಂಖ್ಯೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 36 ನಗರವಾಸಿಗಳು ಎಂಟು ವಾರ ಕಾಲ, ವಾರಕ್ಕೆ ಮೂರು ಬಾರಿಯಾದರೂ ಹೊರಗೆ ಹೋಗಿ ಕನಿಷ್ಠ ಹತ್ತು ನಿಮಿಷ ಕಳೆದರು. ಅವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಎಷ್ಟಿದೆಯೆಂದು ಅಳೆದಾಗ, ಕಳೆದ ಸಮಯಕ್ಕೆ ಹೋಲಿಸಿ ಅತಿ ಹೆಚ್ಚು ಇಳಿಕೆ ಸಿಕ್ಕಿದ್ದು 20ರಿಂದ 30 ನಿಮಿಷದ ಅವಧಿಯಲ್ಲಿ. ಅವರಿಗೆ ವಿಧಿಸಿದ್ದ ನಿಯಮಗಳು ನೆನಪಿಡತಕ್ಕವು: ಆ ಹೊತ್ತಿನಲ್ಲಿ ಫೋನ್ ಇಲ್ಲ, ಓದಿಲ್ಲ, ಹರಟೆಯಿಲ್ಲ, ಏದುಸಿರು ಬರುವ ವ್ಯಾಯಾಮವೂ ಇಲ್ಲ.

ಈ ಎರಡನ್ನೂ ಸೇರಿಸಿದರೆ ಸರಳವಾದ ಲೆಕ್ಕ ಸಿಗುತ್ತದೆ. ವಾರಕ್ಕೆ ನಾಲ್ಕು ಬಾರಿ, ಪ್ರತಿ ಬಾರಿ ಅರ್ಧ ಗಂಟೆ. ಮೊದಲ ವಾರ ಇಷ್ಟನ್ನು ಮಾಡಲೇಬೇಕೆಂದು ಹೊರಡಬೇಡಿ. ಹತ್ತು ನಿಮಿಷದ ಮೂರು ಭೇಟಿಗಳಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷದಂತೆ ಏರಿಸುತ್ತ ಹೋಗಿ.

ಹೊತ್ತು ಯಾವುದಾದರೂ ಆಗಬಹುದು, ಆದರೆ ಸಾಧ್ಯವಿದ್ದರೆ ಬೆಳಗಿನ ಹೊತ್ತೇ ಲೇಸು. ದೀಪ ಹಾಕಿದ ಕೋಣೆಯೊಳಗೆ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇದ್ದರೆ, ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣಿನ ಮೂಲಕ ಒಳಹೋಗುವ ಈ ಬೆಳಕು ದೇಹದ ಗಡಿಯಾರವನ್ನು ದಿನದೊಂದಿಗೆ ಸರಿಹೊಂದಿಸುತ್ತದೆ. ಅದರಿಂದ ರಾತ್ರಿ ನಿದ್ರೆ ಸಕಾಲಕ್ಕೆ ಬರಲು ನೆರವಾಗುತ್ತದೆ. ಮನಸ್ಸು ಹದಗೆಟ್ಟವರ ನಿದ್ರೆ ಒಂದಿಷ್ಟು ಹಳಿಗೆ ಬಂದರೂ ಉಳಿದದ್ದು ಎಷ್ಟೋ ಸುಲಭವಾಗುತ್ತದೆ. ಇದಕ್ಕಾಗಿ ನಿದ್ರೆಗೆಟ್ಟು ನಸುಕಿಗೇ ಏಳಬಾರದು. ವಿಶೇಷವಾಗಿ ಉನ್ಮಾದ ಮತ್ತು ಖಿನ್ನತೆ ಎರಡೂ ಬರುವ ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ರೆ ಕಡಿಮೆಯಾಗುವುದೇ ಅಪಾಯ.

ಹಂತ 4: ಹೊಸ್ತಿಲು ದಾಟುವ ಉಪಾಯ ಮಾಡಿಟ್ಟುಕೊಳ್ಳಿ

ಖಿನ್ನತೆಯಲ್ಲಿ ಇಡೀ ಕಾರ್ಯಕ್ರಮದ ಅತಿ ಕಷ್ಟದ ಭಾಗವೆಂದರೆ ಹಾಸಿಗೆಯಿಂದ ಬಾಗಿಲವರೆಗಿನ ದೂರ. ‘ಮನಸ್ಸಾದಾಗ ಹೋಗುತ್ತೇನೆ’ ಎಂದುಕೊಂಡರೆ ಮನಸ್ಸಾಗುವುದೇ ಇಲ್ಲ. ವರ್ತನಾ ಸಕ್ರಿಯಗೊಳಿಸುವಿಕೆ ಎಂಬ, ಹೆಸರಷ್ಟೇ ಭಾರವಾದ ಚಿಕಿತ್ಸಾ ವಿಧಾನ ನಿಂತಿರುವುದು ಈ ಅನುಭವದ ಮೇಲೆಯೇ: ಮೊದಲು ಕ್ರಿಯೆ, ಉತ್ಸಾಹ ಆಮೇಲೆ.

ಆದ್ದರಿಂದ ನಿರ್ಧಾರವನ್ನು ಹಿಂದಿನ ರಾತ್ರಿಯೇ ಮುಗಿಸಿಡಿ. ಹಾಕಿಕೊಳ್ಳುವ ಬಟ್ಟೆ ಕುರ್ಚಿಯ ಮೇಲಿರಲಿ, ಚಪ್ಪಲಿ ಬಾಗಿಲ ಬಳಿ ಇರಲಿ, ನೀರಿನ ಬಾಟಲಿ ತುಂಬಿರಲಿ. ಹೊರಡುವುದನ್ನು ದಿನವೂ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ. ‘ಹಲ್ಲುಜ್ಜಿದ ಕೂಡಲೇ’ ಎಂಬುದು ‘ಏಳು ಗಂಟೆಗೆ’ ಎಂಬುದಕ್ಕಿಂತ ಗಟ್ಟಿಯಾದ ಗೂಟ. ತೀರ ಕೆಟ್ಟ ದಿನಗಳಿಗಾಗಿ ಒಂದು ಕನಿಷ್ಠ ಮಿತಿಯೂ ಇರಲಿ: ಬಾಗಿಲು ತೆರೆದು ಹೊರಗೆ ನಿಂತು ಹತ್ತು ಉಸಿರು ಎಣಿಸಿ ಒಳಗೆ ಬಂದರೂ ಆ ದಿನದ ಲೆಕ್ಕ ಚುಕ್ತಾ. ಇದು ಹಾಸ್ಯಾಸ್ಪದವೆನಿಸಬಹುದು. ಹೊರಗೆ ನಿಂತವರಲ್ಲಿ ಕೆಲವರು ಗೇಟಿನವರೆಗೆ ನಡೆಯುತ್ತಾರೆ, ಗೇಟಿನವರೆಗೆ ಹೋದವರಲ್ಲಿ ಕೆಲವರು ಮುಂದೆಯೂ ಹೋಗುತ್ತಾರೆ. ವಾಪಸು ಬಂದವರೂ ಸೋತಂತಲ್ಲ.

ಜೊತೆಗೆ ಒಬ್ಬರು ಬರುವುದಾದರೆ ಹೊರಡುವುದು ಹಗುರವಾಗುತ್ತದೆ. ಅವರೊಂದಿಗೆ ಒಂದು ಒಪ್ಪಂದ ಮಾಡಿಕೊಳ್ಳಿ: ಹೋಗುವಾಗ ಬರುವಾಗ ಮಾತು, ಅಲ್ಲಿ ಕೂತಾಗ ಮೌನ.

ಹಂತ 5: ಅಲ್ಲಿ ಮಾಡಬೇಕಾದದ್ದು

ಬಹುಪಾಲು ಮಂದಿ ಎಡವುವುದು ಇಲ್ಲಿ. ನಾನೂ ಎಡವಿದ್ದೇನೆ. ನನ್ನ ಮೊದಲ ತಿಂಗಳ ನಡಿಗೆಯೆಲ್ಲ ಮೊಬೈಲಿನಲ್ಲಿ ಹೆಜ್ಜೆಗಳ ಲೆಕ್ಕ ನೋಡುವುದರಲ್ಲಿ ಕಳೆಯಿತು. ಹೆಜ್ಜೆ ಹತ್ತು ಸಾವಿರ ದಾಟಿದ ದಿನವೂ ಮನೆಗೆ ಬಂದಾಗ ತಲೆಯೊಳಗೆ ಅದೇ ಗಲಾಟೆ. ಮೈ ಮರಗಳ ನಡುವೆ ಓಡಾಡುತ್ತಿತ್ತು, ಗಮನ ಮಾತ್ರ ಅಂಗೈಯಗಲದ ಪರದೆ ಬಿಟ್ಟು ಕದಲಿರಲಿಲ್ಲ. ಫೋನನ್ನು ಮನೆಯಲ್ಲಿಯೇ ಬಿಡಿ. ಸುರಕ್ಷತೆಗಾಗಿ ಬೇಕೇಬೇಕೆಂದಾದರೆ ಸದ್ದು ನಿಲ್ಲಿಸಿ ಚೀಲದ ತಳಕ್ಕೆ ಹಾಕಿ. ಇಯರ್‌ಫೋನ್ ಬೇಡ. ಫೋಟೋ ತೆಗೆಯುವ ಆಸೆಯಾದರೆ ಅಲ್ಲಿಂದ ಮರಳುವ ಮುನ್ನ ಒಂದೇ ಒಂದು ತೆಗೆಯಿರಿ.

ಮೊದಲ ಐದು ನಿಮಿಷ ಮಾಮೂಲಿಗಿಂತ ನಿಧಾನವಾಗಿ ನಡೆಯಿರಿ. ಆತಂಕದ ಕಾಯಿಲೆ ಇರುವವರಿಗೆ ಈ ನಿಧಾನ ಇನ್ನೂ ಮುಖ್ಯ, ಏಕೆಂದರೆ ಬಿರುಸಾಗಿ ಏರು ಹತ್ತಿದಾಗ ಬಡಿದುಕೊಳ್ಳುವ ಎದೆಯನ್ನು ಮನಸ್ಸು ಗಾಬರಿಯ ಮುನ್ಸೂಚನೆಯೆಂದು ತಪ್ಪಾಗಿ ಓದಿಕೊಳ್ಳಬಹುದು. ಆಮೇಲೆ ಕೂತುಕೊಳ್ಳಿ. ಕಣ್ಣು ಮುಚ್ಚಿ, ಅತಿ ಹತ್ತಿರದ ಸದ್ದನ್ನೂ ಅತಿ ದೂರದ ಸದ್ದನ್ನೂ ಹುಡುಕಿ. ಅವೆರಡರ ನಡುವೆ ಇನ್ನೇನೇನು ಇದೆಯೆಂದು ಕೇಳುತ್ತ ಹೋಗಿ. ಮುಚ್ಚಿದರೆ ಕಸಿವಿಸಿಯಾಗುವವರು ಕಣ್ಣು ತೆರೆದೇ ಕೇಳಬಹುದು. ಹಕ್ಕಿಯ ದನಿ ಸಿಕ್ಕರೆ ಅದರ ಜೊತೆಗೇ ಇರಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಮನಃಸ್ಥಿತಿಯನ್ನು ದಿನಕ್ಕೆ ಹಲವು ಬಾರಿ ಫೋನಿನಲ್ಲಿ ದಾಖಲಿಸಿದರು. ಹಕ್ಕಿಗಳನ್ನು ಕಂಡಾಗ ಅಥವಾ ಕೇಳಿದಾಗ ಅವರ ಮನಸ್ಸು ಹಗುರಾಗಿತ್ತು, ಖಿನ್ನತೆಯ ರೋಗನಿರ್ಣಯವಾಗಿದ್ದವರಲ್ಲಿಯೂ ಅದು ಕಂಡುಬಂತು.

ಉಳಿದ ಹೊತ್ತಿಗೆ ಒಂದೇ ಒಂದು ಮರವನ್ನು ಹಿಡಿದುಕೊಳ್ಳಿ. ಪ್ರತಿ ಬಾರಿಯೂ ಅದೇ ಮರವಾಗಿರಲಿ. ಮೊದಲ ದಿನ ಅದು ಬರೀ ‘ಮರ’. ಮೂರನೆಯ ದಿನ ತೊಗಟೆಯ ಬಿರುಕುಗಳು ಒಂದೇ ದಿಕ್ಕಿಗೆ ಓಡುವುದಿಲ್ಲವೆಂದು ಕಾಣುತ್ತದೆ. ಬುಡದಲ್ಲಿ ಒಂದು ಇರುವೆ ಸಾಲು. ಆ ಬಿರುಕುಗಳನ್ನೇ ಓಣಿ ಮಾಡಿಕೊಂಡು ಮೇಲೇರುವ ಇರುವೆಯೊಂದು ಇಳಿದು ಬರುವ ಇರುವೆಗೆ ಎದುರಾಗುತ್ತದೆ, ಕ್ಷಣ ನಿಂತು ಮೀಸೆ ತಾಗಿಸುತ್ತದೆ, ಬಲಕ್ಕೆ ಸರಿದು ಮುಂದೆ ಹೋಗುತ್ತದೆ. ಒಂದರ ಬಾಯಲ್ಲಿ ಅದರ ಮೈಗಿಂತ ದೊಡ್ಡದಾದ ಯಾವುದೋ ಹುಳುವಿನ ರೆಕ್ಕೆ. ಗಾಳಿ ಬೀಸಿದಾಗಲೆಲ್ಲ ರೆಕ್ಕೆ ಪಟದಂತೆ ಎದ್ದು ಇರುವೆಯನ್ನೇ ವಾಲಿಸುತ್ತದೆ, ಇರುವೆ ಬಿಡುವುದಿಲ್ಲ. ಇದನ್ನು ನೋಡುತ್ತ ನಾಲ್ಕು ನಿಮಿಷ ಕಳೆದಿರುತ್ತದೆ, ಆ ನಾಲ್ಕು ನಿಮಿಷ ನಿಮ್ಮ ಬಗ್ಗೆ ನೀವು ಯೋಚಿಸಿರುವುದಿಲ್ಲ. ಇದಕ್ಕಾಗಿಯೇ ನಾವು ಬಂದದ್ದು. ವಾರಗಳು ಉರುಳಿದಂತೆ ಚಿಗುರು, ಹಣ್ಣೆಲೆ, ಗೂಡು, ಮುರಿದ ಕೊಂಬೆ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳಾಗುತ್ತವೆ; ‘ಇವತ್ತು ಏನಾಗಿದೆ ನೋಡೋಣ’ ಎಂಬ ಸಣ್ಣ ಕುತೂಹಲ ಹುಟ್ಟುತ್ತದೆ. ಎಲ್ಲದರಲ್ಲಿಯೂ ಆಸಕ್ತಿ ಸತ್ತಿರುವಾಗ ಒಂದು ಮರದ ವಿಷಯದಲ್ಲಾದರೂ ಹುಟ್ಟುವ ಕುತೂಹಲವನ್ನು ನಾನು ಚೇತರಿಕೆಯ ಮೊದಲ ಗುರುತೆಂದು ಎಣಿಸುತ್ತೇನೆ.

ಹಂತ 6: ಕೊರಗು ಬೆನ್ನು ಬಿಡದಿದ್ದಾಗ

ಸುತ್ತ ಮೌನವಿದ್ದಾಗ ಕೆಲವರಿಗೆ ಒಳಗಿನ ಸದ್ದು ಜೋರಾಗುತ್ತದೆ. ಇದು ಸಹಜ, ಅಭ್ಯಾಸ ಕೈಕೊಟ್ಟಿದೆ ಎಂದರ್ಥವಲ್ಲ. ಯೋಚನೆಯೊಂದಿಗೆ ವಾದಕ್ಕಿಳಿಯಬೇಡಿ. ‘ಮತ್ತೆ ಆ ವಿಷಯ ಬಂತು’ ಎಂದು ಮನಸ್ಸಿನಲ್ಲಿಯೇ ಗುರುತಿಸಿ, ಕೈಗೊಂದು ಕೆಲಸ ಕೊಡಿ: ಉದುರಿದ ಎಲೆಯೊಂದನ್ನು ಎತ್ತಿಕೊಂಡು ನಡುನರದಿಂದ ಕವಲೊಡೆದ ಉಪನರಗಳನ್ನು ಬೆರಳಿನಿಂದ ಎಣಿಸಿ, ಅಥವಾ ಅಂಗೈಯನ್ನು ತೊಗಟೆಗೆ ಒತ್ತಿ ಹಿಡಿದು ಬಿಸಿಲು ಬಿದ್ದ ಬದಿಗೂ ನೆರಳಿನ ಬದಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಉಸಿರು ಒಳಗೆಳೆದುಕೊಂಡದ್ದಕ್ಕಿಂತ ಹೊರಬಿಡುವುದು ತುಸು ದೀರ್ಘವಾಗಿರಲಿ. ಹೃದಯದ ಬಡಿತ ಇಳಿಯಲು ಅದು ನೆರವಾಗುತ್ತದೆ. ಇಷ್ಟಾದರೂ ಕೊರಗು ಬಿಡದಿದ್ದರೆ ಎದ್ದು ನಡೆಯಿರಿ. ಕೂತು ಕೊರಗುವುದಕ್ಕಿಂತ ನಡೆಯುತ್ತ ಕೊರಗುವುದು ವಾಸಿ. ಪ್ರತಿ ಬಾರಿಯೂ ಹಳೆಯ ಆಘಾತದ ದೃಶ್ಯಗಳೇ ಮರುಕಳಿಸುತ್ತಿದ್ದರೆ ಅದನ್ನು ಒಬ್ಬರೇ ನಿಭಾಯಿಸಲು ಹೋಗದೆ ಆಪ್ತಸಮಾಲೋಚಕರ ಮುಂದಿಡಿ.

ಹಂತ 7: ಹೊರಗೆ ಹೋಗಲಾಗದವರಿಗೆ

ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಪರಿಶೀಲಿಸಿದರು. ಕಿಟಕಿಯಿಂದ ಮರಗಳು ಕಾಣುವ ಕೋಣೆಯಲ್ಲಿದ್ದ 23 ಮಂದಿ, ಇಟ್ಟಿಗೆ ಗೋಡೆಯಷ್ಟೇ ಕಾಣುವ ಕೋಣೆಯಲ್ಲಿದ್ದ 23 ಮಂದಿಗಿಂತ ಬೇಗ ಮನೆಗೆ ಮರಳಿದ್ದರು. ಪ್ರಬಲ ನೋವುನಿವಾರಕಗಳ ಬಳಕೆಯೂ ಅವರಲ್ಲಿ ಕಡಿಮೆಯಿತ್ತು. 1984ರಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನ ಆಸ್ಪತ್ರೆಗಳ ವಿನ್ಯಾಸದ ಕುರಿತ ಚರ್ಚೆಯಲ್ಲಿ ಇಂದಿಗೂ ಪ್ರಸ್ತಾಪವಾಗುತ್ತದೆ.

ಹಾಸಿಗೆ ಹಿಡಿದವರು, ಗಾಲಿಕುರ್ಚಿಯಲ್ಲಿರುವವರು, ಪುಟ್ಟ ಮಕ್ಕಳನ್ನು ಬಿಟ್ಟು ಹೊರಡಲಾಗದವರು ಇದನ್ನೇ ಆಧಾರ ಮಾಡಿಕೊಳ್ಳಬಹುದು. ಮಂಚವನ್ನೋ ಕುರ್ಚಿಯನ್ನೋ ಆಕಾಶ ಕಾಣುವ ಕಿಟಕಿಯ ಕಡೆಗೆ ತಿರುಗಿಸಿ. ಒಂದು ಕುಂಡದಲ್ಲಿ ಬೇಗ ಮೊಳೆಯುವ ಬೀಜ ಬಿತ್ತಿ, ಮಣ್ಣಿಗೆ ಬೆರಳಿಳಿಸಿ ತೇವ ನೋಡಿ ನೀರು ಹಾಕುವ ಕೆಲಸವನ್ನು ನೀವೇ ಇಟ್ಟುಕೊಳ್ಳಿ. ಮೊಳಕೆ ಮಣ್ಣನ್ನು ಎತ್ತಿ ಮೇಲೆ ಬರುವಾಗ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತಿರುವುದನ್ನು ಕಾಣಲು ಕಾಡಿಗೆ ಹೋಗಬೇಕಿಲ್ಲ. ಗಿಡ ಒಣಗಿದರೆ ಅದನ್ನು ನಿಮ್ಮ ವೈಫಲ್ಯಗಳ ಪಟ್ಟಿಗೆ ಸೇರಿಸಬೇಡಿ. ಅನುಭವಸ್ಥ ತೋಟಗಾರರ ಕೈಯಲ್ಲೂ ಗಿಡಗಳು ಸಾಯುತ್ತವೆ, ಅವರು ಇನ್ನೊಂದು ಬೀಜ ಹಾಕುತ್ತಾರೆ.

ಹಂತ 8: ಎರಡು ಸಾಲು ಬರೆದಿಡಿ

ಖಿನ್ನತೆ ನೆನಪನ್ನೂ ತನಗೆ ಬೇಕಾದಂತೆ ತಿದ್ದುತ್ತದೆ. ಚೆನ್ನಾಗಿದ್ದ ಮೂರು ದಿನಗಳನ್ನು ಒಂದು ಕೆಟ್ಟ ದಿನ ಅಳಿಸಿಹಾಕುತ್ತದೆ. ಅದಕ್ಕೆ ಪುರಾವೆ ಬೇಕು. ಹೋಗುವ ಮೊದಲು ಮನಸ್ಸಿನ ಭಾರಕ್ಕೆ ಹತ್ತರಲ್ಲಿ ಒಂದು ಅಂಕ, ಬಂದ ಮೇಲೆ ಒಂದು ಅಂಕ, ಜೊತೆಗೆ ಆ ದಿನ ಮರದಲ್ಲಿ ಕಂಡ ಒಂದು ಹೊಸ ಸಂಗತಿ: ಇಷ್ಟನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚು ಬರೆದರೆ ಬರೆಯುವುದೇ ಹೊರೆಯಾಗುತ್ತದೆ. ಆರು ವಾರಗಳಾದ ಮೇಲೆ ಪುಟ ತಿರುವಿ ನೋಡಿ. ನಿದ್ರೆ, ಹಸಿವು, ಕೆಲಸದಲ್ಲಿ ತೊಡಗುವ ಶಕ್ತಿ ಇವುಗಳಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ, ಅಥವಾ ಅದಕ್ಕೆ ಮೊದಲೇ ಭಾರದ ಅಂಕಗಳು ಏರುಮುಖವಾಗಿದ್ದರೆ, ಆ ಪುಸ್ತಕವನ್ನೇ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ. ‘ಏನೋ ಸರಿಯಿಲ್ಲ’ ಎಂಬ ಮಾತಿಗಿಂತ ಆ ಅಂಕಗಳು ಅವರಿಗೆ ಹೆಚ್ಚು ಹೇಳುತ್ತವೆ.

ಮಳೆ, ಜ್ವರ, ಊರಿನಿಂದ ಬಂದ ನೆಂಟರು, ಕೆಲಸದ ಒತ್ತಡ ಇವುಗಳಿಂದ ಅಭ್ಯಾಸ ನಡುವೆ ಕಡಿದುಹೋಗುವುದು ಖಚಿತ. ಆಗ ಬಿಟ್ಟುಹೋದ ದಿನಗಳನ್ನು ತುಂಬಿಕೊಡಲು ಒಂದೇ ದಿನ ಎರಡು ಗಂಟೆ ಹೋಗಬೇಡಿ. ಮತ್ತೆ ಹತ್ತು ನಿಮಿಷದಿಂದ, ಅದೇ ಬೆಂಚಿನಿಂದ ಆರಂಭಿಸಿ; ನೀವು ಇಲ್ಲದಿದ್ದಾಗ ಮರದಲ್ಲಿ ಏನೇನು ಬದಲಾಗಿದೆಯೆಂದು ನೋಡಿ, ಅದನ್ನೇ ಆ ದಿನದ ಸಾಲಾಗಿ ಬರೆದುಕೊಳ್ಳಿ.